ಹದಿಮೂರರವರೆಗೆ ಎಣಿಸೋದು ಕಲಿತೆ

ಬ್ರಿಜ್ ಅನ್ನೋ ಇಸ್ಪೀಟಾಟದ ಜೂನಿಯರ್ ಪಂದ್ಯಾವಳಿ ಗೆದ್ದ ಮೇಲೆ ಎಲ್ಲರೂ ಕೇಳಿದ್ದು ಒಂದೇ. "52 ಎಲೆನೂ ಹೇಗೆ ನೆನಪಿಟ್ಕೊಳ್ತೀಯಾ?" ಎಲ್ಲಿ ಬಂತು! ನನ್ನ ನೆನಪು ಅಷ್ಟಕ್ಕಷ್ಟೇ. ನಾನು ಕಲಿತಿದ್ದು 13ರವರೆಗೆ ಎಣಿಸೋದು. ಒಬ್ಬೊಬ್ಬರ ಕೈಯಲ್ಲೂ 13 ಎಲೆ, ಒಂದೊಂದು ಬಣ್ಣದಲ್ಲೂ (ಸ್ಪೇಡ್, ಹಾರ್ಟ್, ಡೈಮಂಡ್, ಕ್ಲಬ್) 13 ಎಲೆ.

ಶುರುವಿನಲ್ಲಿ ನನಗೆ ಬಿಡ್ಡಿಂಗ್ ಹುಚ್ಚು, ಅಂದರೆ ಆಟಕ್ಕೆ ಮುಂಚೆ ಎಷ್ಟು ಟ್ರಿಕ್ (ಸುತ್ತು) ಗೆಲ್ತೀವಿ ಅಂತ ಕೂಗೋದು. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಅಂತ ಪಾಯಿಂಟ್ ಕೂಡಿಸೋದು ಮೊದಲ ದಿನವೇ ಬಂತು. ಆಮೇಲೆ ಪಾರ್ಟ್‌ನರ್ ಜೊತೆ ಕೂತು ಪುಟಗಟ್ಟಲೆ ಕನ್ವೆನ್ಷನ್ (ಯಾವ ಕೂಗಿಗೆ ಏನರ್ಥ ಅನ್ನೋ ಒಪ್ಪಂದ) ಬರೆದೆವು. ಪಂದ್ಯದಲ್ಲಿ ಅರ್ಧ ಮರೆತೆವು. ದೊಡ್ಡ ಪಂದ್ಯಗಳಲ್ಲಿ ಬಿಡ್ಡಿಂಗ್ ವೇಳೆ ಮೇಜಿಗೆ ಅಡ್ಡ ಪರದೆ ಇರುತ್ತದೆ, ಪಾರ್ಟ್‌ನರ್ ಮುಖ ಕಾಣೋದಿಲ್ಲ. ಅವನ ಪೆಚ್ಚು ಮುಖ ನೋಡೋದು ತಪ್ಪಿತು, ಅಷ್ಟೇ ಲಾಭ.

ಬದಲಾಗಿದ್ದು ಒಂದು ಸೋಲಿನಿಂದ. ಕ್ಲಬ್ ರಾಣಿ ಯಾರ ಹತ್ತಿರ ಇದೆ ಅಂತ ಸುಮ್ನೆ ಊಹೆ ಮಾಡಿ ಆಡಿದೆ, ತಪ್ಪಾಯಿತು. ಅದೃಷ್ಟ ಸರಿಯಿಲ್ಲ ಅಂತ ಗೊಣಗಿದೆ. ಕೋಚ್ ಬೈಯಲಿಲ್ಲ. "ಎಡಗಡೆಯವನ ಕೈಯಲ್ಲಿ ಎಷ್ಟು ಕ್ಲಬ್ ಇತ್ತು?" ಅಂತಷ್ಟೇ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವತ್ತಿನಿಂದ 4-4-3-2, 5-3-3-2, 5-4-3-1 ಅಂತ ಕೈಯ ಆಕಾರಗಳನ್ನು, ಅಂದರೆ ಯಾವ ಬಣ್ಣದಲ್ಲಿ ಎಷ್ಟೆಲೆ ಅನ್ನೋದನ್ನು, ಮಗ್ಗಿ ಥರ ಬಾಯಿಪಾಠ ಮಾಡಿದೆ. ಮೂರು ಬಣ್ಣ ಗೊತ್ತಾದರೆ ನಾಲ್ಕನೆಯದು ತಾನಾಗಿ ಬರಬೇಕು. ಮೊದಮೊದಲು ಎಣಿಸ್ತಾ ಎಣಿಸ್ತಾ ಆಡೋದೇ ನಿಧಾನವಾಗಿ ಎದುರಾಳಿಗಳು ಆಕಳಿಸುತ್ತಿದ್ದರು. ಬೋರ್ ಹೊಡೆಸುವ ಕೆಲಸ, ನಿಜ. ಆದರೆ ಹೊಸ ಕನ್ವೆನ್ಷನ್ ಹತ್ತು ಕಲಿಯೋದಕ್ಕಿಂತ ಇದೇ ಜಾಸ್ತಿ ಕೆಲಸಕ್ಕೆ ಬಂತು.

ಫೈನಲ್‌ನಲ್ಲಿ ಎಡಗಡೆಯವನು 3 ಹಾರ್ಟ್ ಅಂತ ಬಿಡ್ಡಿಂಗ್ ಶುರು ಮಾಡಿದ. ನಾವು 4 ಸ್ಪೇಡ್‌ಗೆ ನಿಂತೆವು, ಅಂದರೆ ಸ್ಪೇಡ್ ಟ್ರಂಪ್ (ತುರುಫು), 13ರಲ್ಲಿ 10 ಟ್ರಿಕ್ ಬೇಕು. ಎರಡು ಹಾರ್ಟ್, ಒಂದು ಡೈಮಂಡ್ ಕೈಬಿಟ್ಟಿತು. ಇನ್ನು ಕ್ಲಬ್‌ನಲ್ಲಿ ಒಂದೂ ಕಳೆದುಕೊಳ್ಳುವಂತಿಲ್ಲ. ನನ್ನ ಕೈಯಲ್ಲಿ ಎಕ್ಕ, ಗುಲಾಮ, ಒಂದು ಚಿಲ್ಲರೆ. ಡಮ್ಮಿಯಲ್ಲಿ (ಮೇಜಿನ ಮೇಲೆ ತೆರೆದಿಟ್ಟ ಪಾರ್ಟ್‌ನರ್ ಕೈ) ರಾಜ, ಹತ್ತು, ಎರಡು ಚಿಲ್ಲರೆ. ರಾಣಿ ಯಾವ ಕಡೆ ಇದ್ದರೂ ಹಿಡಿಯಬಹುದು, ಆದರೆ ಯಾವ ಕಡೆ ಅಂತ ಗೊತ್ತಿರಬೇಕು. ಹಿಂದೆ ಮುಗ್ಗರಿಸಿದ್ದು ಇಂಥ ಜಾಗದಲ್ಲೇ, ಅಲ್ವಾ?

ಎಲೆ ಕೆಳಗಿಟ್ಟು ಎಣಿಸಿದೆ. ಬಲಗಡೆಯವನು ಹಾರ್ಟ್‌ನ ಎರಡನೇ ಸುತ್ತಿಗೇ ಬೇರೆ ಎಲೆ ಎಸೆದಿದ್ದ. ನಮ್ಮ ಎರಡು ಕೈಯಲ್ಲಿ ಐದು ಹಾರ್ಟ್, ಹಾಗಾದರೆ ಎಡಗಡೆ ಏಳು. ಸ್ಪೇಡ್‌ಗೆ ಅವನು ಎರಡು ಸಲ ಎಲೆ ಕೊಟ್ಟ. ಡೈಮಂಡ್‌ಗೆ ಮೂರು ಸಲ. ಏಳು, ಎರಡು, ಮೂರು, ಒಟ್ಟು 12. ಉಳಿದಿದ್ದು ಒಂದೇ ಎಲೆ! ಅದೇ ರಾಣಿ ಆಗಿದ್ದರೆ? ಅದಕ್ಕೇ ಮೊದಲು ಡಮ್ಮಿಯ ರಾಜ ಆಡಿದೆ. ಎಡಗಡೆಯಿಂದ ಚಿಲ್ಲರೆ ಕ್ಲಬ್ ಬಿತ್ತು. 13 ತುಂಬಿತು. ಇನ್ನು ರಾಣಿ ಬಲಗಡೆಯೇ ಇರಬೇಕು. ಡಮ್ಮಿಯಿಂದ ಚಿಲ್ಲರೆ ಆಡಿ, ಬಲಗಡೆಯವನು ಚಿಕ್ಕದು ಹಾಕಿದ ಮೇಲೆ ಗುಲಾಮ ಇಟ್ಟೆ. ಎಡಗಡೆಯವನು ಹಾರ್ಟ್ ಎಸೆದ. ಟ್ರಿಕ್ ನನಗೇ.

ಎದುರಿಗೆ ಕೂತ ಪಾರ್ಟ್‌ನರ್ ತುಟಿ ಕಚ್ಚಿ ನಗು ತಡೆದುಕೊಂಡ. ಅದೇ ಗುಂಗಿನಲ್ಲಿ ಮುಂದಿನ ಆಟದ ಬೋರ್ಡ್ ತೆಗೆದೆ. ಅದರಲ್ಲಿ ಟ್ರಂಪ್ ಎಣಿಸೋದನ್ನೇ ಮರೆತು ಒಂದು ಟ್ರಿಕ್ ಕಳೆದೆ.