ಟರ್ಬೊ ಕಾರಿನ ಆಯಿಲ್ ಲೀಕ್: ಒದ್ದೆ ಹಿಂದೆ, ಸೋರಿಕೆ ಮುಂದೆ

ನನ್ನ ಕಾರಿನದು ಸಾಲಾಗಿ ಆರು ಸಿಲಿಂಡರ್ ಇರುವ ಟರ್ಬೊ (ಎಕ್ಸಾಸ್ಟ್ ಗ್ಯಾಸಿನ ಬಲದಿಂದ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಸಾಧನ) ಪೆಟ್ರೋಲ್ ಎಂಜಿನ್. ಜೋರಾಗಿ ಓಡಿಸಿ ನಿಲ್ಲಿಸಿದಾಗಲೆಲ್ಲ ಎಸಿ ಕಿಂಡಿಯಿಂದ ಸುಟ್ಟ ಎಣ್ಣೆಯ ವಾಸನೆ ಬರತೊಡಗಿತು. ನೆಲದ ಮೇಲೆ ಒಂದು ಹನಿಯೂ ಇಲ್ಲ. ಆದರೆ ಡಿಪ್‌ಸ್ಟಿಕ್‌ನಲ್ಲಿ (ಆಯಿಲ್ ಅಳೆಯುವ ಕಡ್ಡಿ) ಆಯಿಲ್ ಮಟ್ಟ ಮೆಲ್ಲಗೆ ಇಳಿಯುತ್ತಿತ್ತು. ಇಂಥ ಕಾರುಗಳಲ್ಲಿ ಎಂಜಿನ್ ಅಡಿಗೆ ದೊಡ್ಡ ಪ್ಲಾಸ್ಟಿಕ್ ಕವರ್ ಇರುತ್ತದಲ್ವಾ, ಸೋರಿದ್ದೆಲ್ಲ ಅದರ ಮೇಲೆ ನಿಂತುಬಿಡುತ್ತದೆ. ನೆಲ ಒಣಗಿದೆ ಅಂದಮಾತ್ರಕ್ಕೆ ಲೀಕ್ ಇಲ್ಲ ಅಂತ ಸುಮ್ಮನಿರುವ ಹಾಗಿಲ್ಲ. ಕಾದು ಕೆಂಪಾಗುವ ಟರ್ಬೊ ಪಕ್ಕದಲ್ಲೇ ಇರುವಾಗ ಎಂಜಿನ್ ಆಯಿಲ್ ಎಲ್ಲೆಂದರಲ್ಲಿ ಹರಿಯುವುದು ಬೆಂಕಿಗೆ ದಾರಿ.

ಕವರ್ ಬಿಚ್ಚಿದೆ. ಸಂಪ್‌ನ (ಎಂಜಿನ್ ಅಡಿಯ ಆಯಿಲ್ ತೊಟ್ಟಿ) ಹಿಂಭಾಗ, ಗೇರ್‌ಬಾಕ್ಸ್ ಸೇರುವ ಜಾಗ ಪೂರ್ತಿ ಒದ್ದೆ. ನೋಡಿದ ಮೆಕ್ಯಾನಿಕ್ ಸಂಪ್ ಗ್ಯಾಸ್ಕೆಟ್ (ಎರಡು ಭಾಗಗಳ ಸಂದಿಯಲ್ಲಿ ಸೋರದಂತೆ ಕೂರುವ ಪಟ್ಟಿ) ಹೋಗಿರಬೇಕು, ಇಲ್ಲದಿದ್ದರೆ ಕ್ರ್ಯಾಂಕ್‌ನ (ಪಿಸ್ಟನ್‌ಗಳು ತಿರುಗಿಸುವ ದಂಡ) ಹಿಂದಿನ ಸೀಲ್ ಅಂದರು. ಒಂದಕ್ಕೆ ಮುಂದಿನ ಸಬ್‌ಫ್ರೇಮ್ (ಎಂಜಿನ್ ಕೆಳಗಿನ ಲೋಹದ ಚೌಕಟ್ಟು) ಇಳಿಸಬೇಕು, ಇನ್ನೊಂದಕ್ಕೆ ಗೇರ್‌ಬಾಕ್ಸನ್ನೇ ಇಳಿಸಬೇಕು. ಅವರು ಕಂಡದ್ದನ್ನು ಹೇಳಿದರು. ಆದರೆ ಎಣ್ಣೆ ಕಂಡ ಜಾಗವೇ ಸೋರುವ ಜಾಗ ಆಗಬೇಕಿಲ್ಲ. ಎಣ್ಣೆ ಮೇಲಿಂದ ಕೆಳಗೆ ಇಳಿಯುತ್ತದೆ. ಕಾರು ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಹಾಗಾಗಿ ಒದ್ದೆಯಾದ ಜಾಗಗಳಲ್ಲಿ ಯಾವುದು ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಇದೆಯೋ ಅಲ್ಲಿಂದ ಹುಡುಕಬೇಕು.

ಇಡೀ ಕೆಲಸದಲ್ಲಿ ನಾನು ಜಾಸ್ತಿ ಸಮಯ ಕೊಟ್ಟದ್ದು ಈ ಹುಡುಕಾಟಕ್ಕೇ. ಮೊದಲು ಎಂಜಿನ್ ತಣ್ಣಗಾದ ಮೇಲೆ ಆಲ್ಟರ್ನೇಟರ್‌ಗೆ ಪ್ಲಾಸ್ಟಿಕ್ ಸುತ್ತಿ, ಡಿಗ್ರೀಸರ್ ಹಾಕಿ ಬ್ರಷ್‌ನಿಂದ ಉಜ್ಜಿ ಎಲ್ಲ ಕಡೆ ಒರೆಸಿದೆ. ಹಳೆಯ ಜಿಡ್ಡು ಹಾಗೇ ಇದ್ದರೆ ಹೊಸ ಎಣ್ಣೆ ಎಲ್ಲಿಂದ ಬಂತು ಅಂತ ಗೊತ್ತಾಗುವುದೇ ಇಲ್ಲ. ಆಮೇಲೆ ಎಂಜಿನ್ ಆಯಿಲ್‌ಗೆ ಯುವಿ ಡೈ (ನೇರಳಾತೀತ ಬೆಳಕಿಗೆ ಹೊಳೆಯುವ ಬಣ್ಣ) ಸೇರಿಸಿ ಒಂದು ಸುತ್ತು ಓಡಿಸಿದೆ. ಕತ್ತಲಲ್ಲಿ ಹಳದಿ ಕನ್ನಡಕ ಹಾಕಿ ಯುವಿ ಟಾರ್ಚ್ ಬಿಟ್ಟೆ.

ಎಂಜಿನ್‌ನ ಮುಂಭಾಗ, ಇನ್‌ಟೇಕ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಕೆಳಗೆ ಆಯಿಲ್ ಫಿಲ್ಟರ್ ಹೌಸಿಂಗ್ (ಫಿಲ್ಟರ್ ಕೂರುವ ಗೂಡು) ಬ್ಲಾಕ್‌ಗೆ, ಅಂದರೆ ಎಂಜಿನ್‌ನ ಮುಖ್ಯ ಲೋಹದ ಒಡಲಿಗೆ, ಕೂರುತ್ತದೆ. ಆ ಸಂದಿಯ ಕೆಳ ಅಂಚಿನಲ್ಲಿ ಹಸಿರು ಗೆರೆಯೊಂದು ಹೊಳೆಯುತ್ತಿತ್ತು. ಅದು ಬ್ಲಾಕ್‌ನ ಏಣಿನ ಗುಂಟ ಇಳಿದು, ಒಂದು ಬೋಲ್ಟ್‌ನ ತಲೆ ಸುತ್ತಿ, ಸಂಪ್‌ನ ಅಂಚು ಹಿಡಿದು ನೇರ ಹಿಂದಕ್ಕೆ ಹೋಗಿತ್ತು. ಸಂಪ್ ಗ್ಯಾಸ್ಕೆಟ್ ಇರುವ ಗೆರೆಯಿಂದ ಮೇಲಕ್ಕೆ ಹೊಳಪು ಇದ್ದದ್ದು ಆ ಒಂದು ದಾರಿಯಲ್ಲಿ ಮಾತ್ರ. ವಾಸನೆಗೆ ಕಾರಣವೂ ಸಿಕ್ಕಿತು: ಕವರ್ ಮೇಲೆ ನಿಂತ ಎಣ್ಣೆ ಹಿಂದಕ್ಕೆ ಜಾರಿ ಬಿಸಿ ಎಕ್ಸಾಸ್ಟ್ ಪೈಪಿಗೆ ತಾಗುತ್ತಿತ್ತು.

ಜಾಗ ಸಿಕ್ಕಿತು ಅಂತ ತಕ್ಷಣ ಬಿಚ್ಚಲು ಹೋಗಲಿಲ್ಲ. ಟರ್ಬೊ ಕಾರಿನಲ್ಲಿ ಕ್ರ್ಯಾಂಕ್‌ಕೇಸ್ (ಕ್ರ್ಯಾಂಕ್ ತಿರುಗುವ ಎಂಜಿನ್‌ನ ಒಳಗೂಡು) ಒತ್ತಡ ನೋಡದೆ ಗ್ಯಾಸ್ಕೆಟ್ ಹಾಕುವುದು ವ್ಯರ್ಥ. ಪಿಸ್ಟನ್ ರಿಂಗ್ ದಾಟಿ ಕೆಳಗಿಳಿಯುವ ಗ್ಯಾಸನ್ನು ಪಿಸಿವಿ (ಕ್ರ್ಯಾಂಕ್‌ಕೇಸ್ ಗಾಳಿ ಹೊರಹಾಕುವ) ವ್ಯವಸ್ಥೆ ಮತ್ತೆ ಇನ್‌ಟೇಕ್‌ಗೆ ಕಳಿಸುತ್ತದೆ. ಅದು ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ ಎಲ್ಲಿ ಸೀಲ್ ಸಡಿಲವೋ ಅಲ್ಲಿಂದ ಎಣ್ಣೆ ಹೊರಗೆ ಬರುತ್ತದೆ. ಆಯಿಲ್ ಕ್ಯಾಪ್ ತೆಗೆದು ಬಾಯಿಗೆ ತೆಳು ರಬ್ಬರ್ ಗ್ಲೌಸ್ ಕಟ್ಟಿ ಎಂಜಿನನ್ನು ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ) ಬಿಟ್ಟೆ. ಗ್ಲೌಸ್ ಮೆಲ್ಲಗೆ ಒಳಕ್ಕೆ ಹೋಯಿತು, ಅಂದರೆ ಸರಿ ಇದೆ. ಊದಿಕೊಂಡಿದ್ದರೆ ಒತ್ತಡ ಜಾಸ್ತಿ ಅಂತ. ರಭಸವಾಗಿ ಎಳೆದುಕೊಂಡು ಎಂಜಿನ್ ನಡುಗಿದರೆ ಪಿಸಿವಿ ಡಯಾಫ್ರಮ್ (ತೆಳು ಪೊರೆ) ಹರಿದಿರುವ ಸಾಧ್ಯತೆ ಹೆಚ್ಚು.

ಐಡಲ್‌ನಲ್ಲಿ ಮಾಡುವ ಈ ಪರೀಕ್ಷೆ ಟರ್ಬೊಗೆ ಸಾಲದು. ಬೂಸ್ಟ್ (ಟರ್ಬೊ ಒತ್ತಿ ತುಂಬುವ ಗಾಳಿಯ ಒತ್ತಡ) ಬಂದಾಗ ಮ್ಯಾನಿಫೋಲ್ಡ್‌ನಲ್ಲಿ ನಿರ್ವಾತ ಹೋಗಿ ಒತ್ತಡ ಬರುತ್ತದೆ. ಆಗ ಪಿಸಿವಿ ದಾರಿಯ ಚೆಕ್ ವಾಲ್ವ್ (ಒಂದೇ ದಿಕ್ಕಿಗೆ ಗಾಳಿ ಬಿಡುವ ಕವಾಟ) ಮುಚ್ಚಿಕೊಳ್ಳಲೇಬೇಕು. ಮುಚ್ಚದಿದ್ದರೆ ಬೂಸ್ಟ್ ಗಾಳಿ ಸೀದಾ ಕ್ರ್ಯಾಂಕ್‌ಕೇಸಿಗೆ ನುಗ್ಗುತ್ತದೆ. ಹೊಸ ಗ್ಯಾಸ್ಕೆಟ್ ಕೂಡ ಅದರ ಮುಂದೆ ಹೆಚ್ಚು ದಿನ ನಿಲ್ಲುವುದಿಲ್ಲ. ಇದನ್ನು ಯಾಕೋ ತುಂಬ ಜನ ನೋಡುವುದೇ ಇಲ್ಲ. ನಾನು ವಾಲ್ವ್ ಬಿಚ್ಚಿ ಒರೆಸಿ, ಎರಡೂ ಕಡೆಯಿಂದ ಟ್ಯೂಬ್ ಹಚ್ಚಿ ಊದಿದೆ. ಒಂದೇ ದಿಕ್ಕಿಗೆ ಗಾಳಿ ಹೋಯಿತು. ಈಗ ಧೈರ್ಯವಾಗಿ ಕೆಲಸಕ್ಕೆ ಇಳಿಯಬಹುದು.

ಬ್ಯಾಟರಿಯ ನೆಗೆಟಿವ್ ಕಳಚಿದೆ, ಯಾಕೆಂದರೆ ಆಲ್ಟರ್ನೇಟರ್‌ನ ದಪ್ಪ ಕೇಬಲ್ ಸ್ಪ್ಯಾನರ್‌ಗೆ ತಾಗುವಷ್ಟು ಹತ್ತಿರ ಇದೆ. ಕೂಲಂಟ್ (ಎಂಜಿನ್ ತಂಪಾಗಿಸುವ ದ್ರವ) ಇಳಿಸಿದೆ. ಇನ್‌ಟೇಕ್ ಮ್ಯಾನಿಫೋಲ್ಡ್ ತೆಗೆದ ಕೂಡಲೇ ಪೋರ್ಟ್‌ಗಳಿಗೆ ನೂಲು ಬಿಡದ ಬಟ್ಟೆ ತುರುಕಿದೆ. ಅದರೊಳಗೆ ಒಂದು ನಟ್ ಬಿದ್ದರೂ ಕಥೆ ಮುಗಿಯಿತು. ಹೌಸಿಂಗ್‌ನ ಬೋಲ್ಟ್‌ಗಳು ಬೇರೆ ಬೇರೆ ಉದ್ದ. ರಟ್ಟಿನ ಮೇಲೆ ಹೌಸಿಂಗ್‌ನ ಆಕಾರ ಬರೆದು, ತೂತು ಮಾಡಿ, ಬಿಚ್ಚಿದ ಹಾಗೇ ಆಯಾ ಜಾಗಕ್ಕೆ ಚುಚ್ಚಿಟ್ಟೆ.

ಹಳೆಯ ಗ್ಯಾಸ್ಕೆಟ್ ನೋಡಿದಾಗ ಬೇರೆ ವಿವರಣೆಯೇ ಬೇಕಾಗಲಿಲ್ಲ. ಹೊಸದರಲ್ಲಿ ರಬ್ಬರ್ ಏಣು ಉಬ್ಬಿಕೊಂಡು ತೋಡಿನಿಂದ ಸ್ವಲ್ಪ ಮೇಲೆ ನಿಲ್ಲುತ್ತದೆ. ಹಳೆಯದು ಪೂರ್ತಿ ಚಪ್ಪಟೆ, ತೋಡಿನ ಅಂಚಿಗೆ ಸಮ. ಬಗ್ಗಿಸಲು ಹೋದರೆ ಬಳಪದ ಹಾಗೆ ಪಟ್ ಅಂತ ಮುರಿಯಿತು. ಓಡುವ ಎಂಜಿನ್‌ನಲ್ಲಿ ಆಯಿಲ್ ಸಾಮಾನ್ಯವಾಗಿ 100 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ. ಟ್ರ್ಯಾಕ್‌ನಲ್ಲಿ 120 ದಾಟುವುದೂ ಉಂಟು. ಆ ಕಾವಿಗೆ ವರ್ಷಗಟ್ಟಲೆ ಬೆಂದ ರಬ್ಬರ್ ಪುಟಿಯುವ ಗುಣವನ್ನೇ ಕಳೆದುಕೊಳ್ಳುತ್ತದೆ. ಬೋಲ್ಟ್ ಎಷ್ಟು ಬಿಗಿ ಮಾಡಿದರೂ ಅಂಥದ್ದು ಸೀಲ್ ಆಗುವುದಿಲ್ಲ. ಬೋಲ್ಟ್ ಕೂರುವ ಅಲ್ಯೂಮಿನಿಯಂ ತೂತಿನ ಥ್ರೆಡ್ ಹಾಳಾಗುತ್ತದೆ ಅಷ್ಟೇ.

ಕೂರುವ ಮುಖವನ್ನು ಪ್ಲಾಸ್ಟಿಕ್ ಸ್ಕ್ರೇಪರ್ ಮತ್ತು ಬ್ರೇಕ್ ಕ್ಲೀನರ್‌ನಲ್ಲಿ ಮಾತ್ರ ಶುಚಿ ಮಾಡಿದೆ. ಡ್ರಿಲ್‌ಗೆ ಸಿಕ್ಕಿಸುವ ಉಜ್ಜುವ ಡಿಸ್ಕ್ ಬೇಡವೇ ಬೇಡ. ಅದರಿಂದ ಉದುರುವ ಪುಡಿ ಆಯಿಲ್ ದಾರಿಗೆ ಇಳಿದರೆ ಬೇರಿಂಗ್‌ಗಳನ್ನು ತಿಂದುಹಾಕುತ್ತದೆ. ಸೀಲಂಟ್ ಕೂಡ ಹಚ್ಚಲಿಲ್ಲ. ತೋಡಿನಲ್ಲಿ ಕೂರುವ ಅಚ್ಚಿನ ರಬ್ಬರ್‌ಗೆ ಅದು ಬೇಕಿಲ್ಲ. ಜಾಸ್ತಿಯಾಗಿ ಒಳಗೆ ಉದುರಿದ ಚೂರು ಆಯಿಲ್ ಪಂಪಿನ ಜಾಲರಿಯಲ್ಲಿ ಸಿಕ್ಕಿಕೊಳ್ಳಬಹುದು. ಬೋಲ್ಟ್‌ಗಳನ್ನು ಮೊದಲು ಕೈಯಲ್ಲೇ ತಿರುಗಿಸಿ, ಆಮೇಲೆ ಎದುರುಬದುರಾಗಿ ಎರಡು ಹಂತದಲ್ಲಿ ಟಾರ್ಕ್ ರೆಂಚ್‌ನಿಂದ (ಬಿಗಿಯ ಬಲ ಅಳೆಯುವ ಸ್ಪ್ಯಾನರ್) ಬಿಗಿ ಮಾಡಿದೆ. ನನ್ನ ಎಂಜಿನ್‌ಗೆ ಮ್ಯಾನುಯಲ್ ಹೇಳುವುದು 22 ನ್ಯೂಟನ್ ಮೀಟರ್. ನಿಮ್ಮದಕ್ಕೆ ನಿಮ್ಮ ಮ್ಯಾನುಯಲ್ ನೋಡಿ.

ಡ್ರೈವ್ ಬೆಲ್ಟ್ ಹೌಸಿಂಗ್‌ನ ಕೆಳಗೇ ಹಾಯುತ್ತದೆ. ಅದರ ಅಂಚು ಎಣ್ಣೆ ಕುಡಿದು ಮೆತ್ತಗಾಗಿತ್ತು. ಪುಲ್ಲಿಗಳನ್ನು ಒರೆಸಿ ಬೆಲ್ಟ್ ಹೊಸದು ಹಾಕಿದೆ. ಇಲ್ಲಿ ಜಿಪುಣತನ ಮಾಡಬೇಡಿ. ಎಣ್ಣೆಯಾದ ಬೆಲ್ಟ್ ಜಾರಿ ಹರಿದರೆ ಅದರ ನೂಲು ಕ್ರ್ಯಾಂಕ್ ಪುಲ್ಲಿಯ ಹಿಂದೆ ಸುತ್ತಿಕೊಂಡು, ಕೆಲವು ಎಂಜಿನ್‌ಗಳಲ್ಲಿ ಮುಂದಿನ ಸೀಲ್ ದಾಟಿ ಒಳಗೇ ಹೋಗಿಬಿಡುತ್ತದೆ. ಹತ್ತಿರದ ಕೂಲಂಟ್ ಹೋಸ್ ಒಂದು ಊದಿಕೊಂಡಿತ್ತು. ಕೂಲಂಟ್ ಹೋಸ್‌ನ ರಬ್ಬರ್‌ಗೂ ಎಣ್ಣೆಗೂ ಆಗಿಬರುವುದಿಲ್ಲ. ಅದನ್ನೂ ಬದಲಿಸಿದೆ.

ಹೌಸಿಂಗ್ ಬಿಚ್ಚುವಾಗ ಕೂಲಂಟ್ ಆಯಿಲ್ ದಾರಿಗೆ ಇಳಿದಿರಬಹುದು. ಹಾಗಾಗಿ ಆಯಿಲ್ ಮತ್ತು ಫಿಲ್ಟರ್ ಎರಡನ್ನೂ ಬದಲಿಸಿಯೇ ಸ್ಟಾರ್ಟ್ ಮಾಡಿದೆ. ಹೊಸ ಆಯಿಲ್‌ಗೂ ಡೈ ಹಾಕಿದ್ದೆ. ಆಯಿಲ್ ಲೈಟ್ ಆರುವವರೆಗೆ ಆಕ್ಸಿಲರೇಟರ್ ಮುಟ್ಟಲಿಲ್ಲ. ಕೂಲಂಟ್‌ನ ಗಾಳಿ ತೆಗೆದು, ಬಿಸಿಯಾಗಿ ತಣ್ಣಗಾದ ಮೇಲೆ ಮತ್ತೆ ಮಟ್ಟ ನೋಡಿದೆ.

ಚೆನ್ನಾಗಿ ಬೂಸ್ಟ್ ಬರುವ ಹಾಗೆ ಉದ್ದ ಓಡಿಸಿ ಬಂದು ಟಾರ್ಚ್ ಬಿಟ್ಟೆ. ಹೌಸಿಂಗ್ ಸುತ್ತ ಒಣಗಿತ್ತು, ಸಂಪ್‌ನ ಅಂಚೂ ಒಣಗಿತ್ತು. ವಾಲ್ವ್ ಕವರ್‌ನ ಹಿಂದಿನ ಮೂಲೆಯಲ್ಲಿ ಮಾತ್ರ ತೆಳುವಾಗಿ ಹೊಳಪು ಕಂಡಿತು. ಅದು ಒಸರುತ್ತಿದೆ, ತೊಟ್ಟಿಕ್ಕುತ್ತಿಲ್ಲ. ಆ ಗ್ಯಾಸ್ಕೆಟ್‌ಗೂ ಇಷ್ಟೇ ವಯಸ್ಸಾಗಿದೆ. ಅಲ್ಲಿಂದ ಕೆಳಗಿಳಿದರೆ ಎಣ್ಣೆ ಟರ್ಬೊ ಮೇಲೇ ಬೀಳುತ್ತದೆ, ಹಾಗಾಗಿ ತೊಟ್ಟಿಕ್ಕುವವರೆಗೆ ಕಾಯುವುದಿಲ್ಲ. ಹೊಸ ಗ್ಯಾಸ್ಕೆಟ್ ತರಿಸಿದ್ದೇನೆ.