ಭಾಷೆಯ ಹೆಸರಲ್ಲಿ ಇನ್ನೊಬ್ಬರ ಸಮಯ

ನಮ್ಮ ಕಾಸರಗೋಡಿನ ಸಂಗತಿಗಳು ಕನ್ನಡ ವಿಕಿಪೀಡಿಯದಲ್ಲಿ ಇನ್ನಷ್ಟು ಬರಬೇಕು ಅಂತ ನಾವು ಆರು ಜನ ಒಂದು ವಾಟ್ಸ್ಆ್ಯಪ್ ಗುಂಪು ಮಾಡಿದೆವು. ನಾನು ಕೂತು ಪಟ್ಟಿ ಮಾಡಿದೆ. ಒಬ್ಬೊಬ್ಬರಿಗೆ ಒಂದೊಂದು ಲೇಖನ ಹಂಚಿ, ಭಾನುವಾರದೊಳಗೆ ಮುಗಿಸಿ ಅಂದೆ. ಮೂರನೇ ವಾರ ಗುಂಪಿನಲ್ಲಿ ನನ್ನ ಮೆಸೇಜ್ ಬಿಟ್ಟು ಬೇರೆ ಏನೂ ಇರಲಿಲ್ಲ. ಸಿಟ್ಟು ಬಂತು. 'ಕನ್ನಡಕ್ಕೋಸ್ಕರ ಇಷ್ಟೂ ಮಾಡಲಿಕ್ಕೆ ಆಗುವುದಿಲ್ಲವಾ?' ಅಂತ ಬರೆದುಬಿಟ್ಟೆ.

ಆ ರಾತ್ರಿ ಟೀಚರ್ ಆಗಿರುವ ಗೆಳತಿ ಫೋನ್ ಮಾಡಿದಳು. "ನನ್ನ ಸಮಯ ಕನ್ನಡದ್ದಲ್ಲ, ನನ್ನದು. ಕೊಡಬೇಕು ಅನಿಸಿದಾಗ ನಾನೇ ಕೊಡುತ್ತೇನೆ."

1956ರಲ್ಲಿ ಈ ಊರು ಕೇರಳಕ್ಕೆ ಸೇರಿದಾಗಿನಿಂದ ಇಲ್ಲಿ ಕನ್ನಡ ಅಂದರೆ ಹೋರಾಟ, ಕರ್ತವ್ಯ. ಅದನ್ನು ಕೇಳಿಯೇ ಬೆಳೆದವನು ನಾನು. ಆದರೆ ಅದನ್ನು ತೋರಿಸಿ ಇನ್ನೊಬ್ಬಳ ಭಾನುವಾರ ಕೇಳುವ ಹಕ್ಕು ನನಗೆ ಯಾರು ಕೊಟ್ಟರು?

ವಿಕಿಪೀಡಿಯ ಶುರು ಮಾಡಿದವರಲ್ಲಿ ಒಬ್ಬರಾದ ಜಿಮ್ಮಿ ವೇಲ್ಸ್ ಅವರಿಗೆ ದಾರಿ ತೋರಿಸಿದ್ದು ಅರ್ಥಶಾಸ್ತ್ರಜ್ಞ ಹಯೆಕ್ 1945ರಲ್ಲಿ ಬರೆದ ಒಂದು ಪ್ರಬಂಧ. ತಿಳುವಳಿಕೆ ಜನರಲ್ಲಿ ಚೂರು ಚೂರಾಗಿ ಹರಡಿರುತ್ತದೆ, ಮೇಲೆ ಕೂತ ಒಬ್ಬನ ಕೈಗೆ ಅದು ಪೂರ್ತಿ ಸಿಗುವುದಿಲ್ಲ ಅನ್ನುವುದು ಅದರ ಸಾರ. ನಾನು ಆ ಗೆಳತಿಗೆ ಹಂಚಿದ್ದು ಬೇಕಲ ಕೋಟೆ. ಅವಳ ಅಪ್ಪ ನೀರಿಗಾಗಿ ಗುಡ್ಡದಲ್ಲಿ ಸುರಂಗ ತೋಡುತ್ತಿದ್ದವರು ಅಂತ ನನಗೆ ಗೊತ್ತೇ ಇರಲಿಲ್ಲ.

ಪಟ್ಟಿ ಅಳಿಸಿದೆ, ಎಲ್ಲರ ಕ್ಷಮೆ ಕೇಳಿದೆ. ಇಬ್ಬರು ಗುಂಪು ಬಿಟ್ಟರು. ಯಾಕೆ ಅಂತ ಕೇಳಲಿಲ್ಲ. ಗೆಳತಿ ಮಾತ್ರ ತಾನಾಗಿಯೇ ಸುರಂಗದ ಲೇಖನ ಹಿಡಿದಳು.

ಅವಳ ಅಪ್ಪನನ್ನು ನೋಡಲು ಬಾಯಾರು ಅನ್ನುವ ಊರಿಗೆ ಹೋದೆವು. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗ. ಪಂಪು ಬೇಡ, ಕರೆಂಟು ಬೇಡ, ನೀರು ತಾನೇ ಹರಿದು ಬರುತ್ತದೆ. ಎಲ್ಲಿ ಕೊರೆಯಬೇಕು ಅಂತ ಅವರು ಹೇಳಿದ್ದನ್ನು ಲೇಖನಕ್ಕೆ ಸೇರಿಸಲು ಆಗಲಿಲ್ಲ. ಪ್ರಕಟವಾದ ಆಧಾರ ಬೇಕು ಅನ್ನುವುದು ವಿಕಿಪೀಡಿಯದ ನಿಯಮ. ಬೇಜಾರಾಯಿತು. ಫೋಟೋ ಮಾತ್ರ ಹಾಕಬಹುದಿತ್ತು.

ಹಾಕುವ ಮೊದಲು ಅವರಿಗೆ ವಿವರಿಸಿದೆ. ಒಮ್ಮೆ ಮುಕ್ತ ಪರವಾನಗಿಯಲ್ಲಿ ಕೊಟ್ಟರೆ ಅದನ್ನು ವಾಪಸ್ ಪಡೆಯಲಾಗದು, ಯಾರು ಬೇಕಾದರೂ ಬಳಸಬಹುದು, ದುಡ್ಡಿಗೂ ಮಾರಬಹುದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನೀರಿದ್ದು ಹಾಕು ಮಗಾ. ನನ್ನ ಮುಖ ಬೇಡ."

ಪಿಕ್ಕಾಸು ಹಿಡಿದು, ಸುರಂಗದ ಬಾಯಲ್ಲಿ ನಗುತ್ತಾ ನಿಂತ ಅವರ ಫೋಟೋವೇ ಎಲ್ಲಕ್ಕಿಂತ ಚೆನ್ನಾಗಿ ಬಂದಿತ್ತು. ನೀರಿನದ್ದು ಮಾತ್ರ ಹಾಕಿದೆ. ಅವರದ್ದನ್ನು ಪ್ರಿಂಟ್ ಮಾಡಿಸಿ ಅವರಿಗೇ ಕೊಟ್ಟು ಬಂದೆ.