ಸೈರನ್ ಮೊಳಗುವ ಊರಲ್ಲಿ ವ್ಯಾಯಾಮ ಹೇಗೆ?

1940ರಲ್ಲಿ ಲಂಡನ್ ಮೇಲೆ ಬಾಂಬ್ ಬೀಳುತ್ತಿದ್ದಾಗ ಜನ ರಾತ್ರಿಯಿಡೀ ಆಶ್ರಯತಾಣಗಳಲ್ಲಿ ಮಡಚುವ ಕುರ್ಚಿಗಳ ಮೇಲೆ ಕೂತೇ ಇರುತ್ತಿದ್ದರು. ಬಾಂಬಿನಿಂದ ಪಾರಾದ ಕೆಲವರು ಹಾಗೆ ಕೂತಿದ್ದರಿಂದಲೇ ಸತ್ತರು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡಿತ್ತು. ಕೀತ್ ಸಿಂಪ್ಸನ್ ಎಂಬ ವೈದ್ಯರು ಅದೇ ವರ್ಷ ಈ ಬಗ್ಗೆ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು. ಯುದ್ಧದ ಹೊತ್ತಲ್ಲಿ ವ್ಯಾಯಾಮದ ಮಾತೇಕೆ ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ.

ಮೊದಲು ಜಾಗ ನೋಡಿ

ಯಾವ ವ್ಯಾಯಾಮ ಎಂಬ ಪ್ರಶ್ನೆ ಆಮೇಲೆ. ಜಾಗ ಸಿಕ್ಕ ಮೇಲೆ ಅದಕ್ಕೆ ಒಗ್ಗುವ ವ್ಯಾಯಾಮ ಹುಡುಕಿಕೊಳ್ಳಬಹುದು.

ಮನೆಯಲ್ಲೇ ಇದ್ದರೆ ಉಕ್ರೇನಿನ ಜನ ಪಾಲಿಸುವ 'ಎರಡು ಗೋಡೆ'ಯ ನಿಯಮ ನೆನಪಿಡಿ. ನಿಮಗೂ ಬೀದಿಗೂ ನಡುವೆ ಎರಡು ಗೋಡೆಗಳಿರಬೇಕು. ಮೊದಲನೆಯದು ಸ್ಫೋಟದ ಹೊಡೆತ ತಡೆಯುತ್ತದೆ, ಎರಡನೆಯದು ಚೂರುಗಳನ್ನು. ಹತ್ತಿರ ಕಿಟಕಿ, ಕನ್ನಡಿ, ಗಾಜಿನ ಬಾಗಿಲು ಯಾವುದೂ ಇರಬಾರದು. ಬಹುಪಾಲು ಮನೆಗಳಲ್ಲಿ ಅಂಥ ಜಾಗ ಅಂದರೆ ಒಳಗಿನ ಓಣಿಯಂಥ ಹಾದಿ. ಇಕ್ಕಟ್ಟು ನಿಜ, ಆದರೆ ಒಬ್ಬರು ಕೈಚಾಚಿ ನಿಲ್ಲುವಷ್ಟಿದ್ದರೆ ಸಾಕು. ಇದು ತಕ್ಷಣ ಆಶ್ರಯತಾಣಕ್ಕೆ ಹೋಗಲಾಗದವರಿಗೆ ಮಾತ್ರ. ಹೋಗಲು ಸಾಧ್ಯವಿದ್ದರೆ ಹೋಗಲೇಬೇಕು.

ಮೆಟ್ಟಿಲು ಹತ್ತಿಳಿಯುವುದು ಒಳ್ಳೆಯ ವ್ಯಾಯಾಮವೇ, ಆದರೆ ದಾಳಿಯ ಎಚ್ಚರಿಕೆ ಇಲ್ಲದಾಗ ಮಾತ್ರ. ದಾಳಿಯ ಹೊತ್ತಲ್ಲಿ ಮೆಟ್ಟಿಲ ಹಾದಿ ಅಪಾಯದ ಜಾಗ.

ನೆಲಮಾಳಿಗೆಯಲ್ಲಿ ಜನರೇಟರ್ ಓಡುತ್ತಿದ್ದರೆ ವ್ಯಾಯಾಮ ಬಿಡಿ, ಅಲ್ಲಿ ಇರಲೇಬಾರದು. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಶುರುವಾದರೆ ಎಲ್ಲರೂ ಕೂಡಲೇ ಗಾಳಿಯಾಡುವ ಕಡೆ ಹೋಗಬೇಕು.

ದೊಡ್ಡ ಆಶ್ರಯತಾಣಗಳಲ್ಲಿ ಜಾಗ ಕೇಳಿ ಪಡೆಯಿರಿ. ಉಕ್ರೇನಿನ ಹಾರ್ಕಿವ್ ನಗರದಲ್ಲಿ 2023ರಲ್ಲಿ ಮೆಟ್ರೊ ನಿಲ್ದಾಣಗಳೊಳಗೇ ಶಾಲೆಗಳನ್ನು ನಡೆಸಲು ಶುರುಮಾಡಿದರು. ಪಾಠಕ್ಕೆ ಜಾಗವಾಗುತ್ತದೆ ಅಂದಮೇಲೆ ಬೆಳಗ್ಗೆ ಅರ್ಧ ಗಂಟೆ ಒಂದು ಮೂಲೆಯನ್ನು ಮಕ್ಕಳ ಕುಣಿತಕ್ಕೆ ಬಿಡಿಸಿಕೊಳ್ಳುವುದು ಕಷ್ಟವಲ್ಲ, ಅಲ್ವಾ? ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷದ ಓಡಾಟ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅವರನ್ನು ಸುಮ್ನೆ ಕೂರಿಸಿ ಮೊಬೈಲ್ ಕೊಡುವುದು ಸುಲಭ. ದಯವಿಟ್ಟು ಅದನ್ನೇ ಅಭ್ಯಾಸ ಮಾಡಬೇಡಿ.

ಏನು ಮಾಡುವುದು?

ಕೂತಲ್ಲೇ ಶುರುಮಾಡಿ. ಹಿಮ್ಮಡಿ ಎತ್ತಿ ಇಳಿಸಿ, ಪಾದವನ್ನು ಸುತ್ತಲೂ ತಿರುಗಿಸಿ. ಮೀನಖಂಡ ಬಿಗಿದಾಗಲೆಲ್ಲ ಕಾಲಿನ ರಕ್ತ ಮೇಲಕ್ಕೆ ಹೋಗುತ್ತದೆ. ಗಂಟೆಗೊಮ್ಮೆಯಾದರೂ ಎದ್ದು ನಿಲ್ಲಿ. ವಯಸ್ಸಾದವರು, ಗರ್ಭಿಣಿಯರು ಇದನ್ನು ಮರೆಯಲೇಬಾರದು.

ನಿಲ್ಲಲು ಜಾಗವಿದ್ದರೆ ಬಸ್ಕಿ ಹೊಡೆಯಿರಿ. ಆಗದವರು ಕುರ್ಚಿಯಿಂದ ಎದ್ದು ಕೂತರೂ ಅದೇ ಕೆಲಸ ಆಗುತ್ತದೆ. ಗೋಡೆಗೆ ಕೈಯೂರಿ ದಂಡ ತೆಗೆಯಿರಿ. ನೀರು ತುಂಬಿದ ಬಾಟಲಿಗಳು ತೂಕಕ್ಕಾಗುತ್ತವೆ. ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ವ್ಯಾಯಾಮ, ಜೊತೆಗೆ ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ. ಇದನ್ನು ಒಂದೇ ಸಲ ಮಾಡಬೇಕಿಲ್ಲ, ಮೂರು ನಿಮಿಷ ಮಾಡಿದರೂ ಲೆಕ್ಕಕ್ಕೆ ಬರುತ್ತದೆ.

ಊಟ, ನೀರು ಕಡಿಮೆ ಇದ್ದರೆ ಈ ಲೆಕ್ಕವನ್ನು ಬಿಟ್ಟುಬಿಡಿ. ಅರೆಹೊಟ್ಟೆಯಲ್ಲಿ ಬೆವರು ಹರಿಸಬಾರದು. ಕೈಕಾಲು ಆಡಿಸಿ, ಮೆಲ್ಲಗೆ ಮೈ ಚಾಚಿ, ಅಷ್ಟೇ ಸಾಕು.

ಇನ್ನೊಂದು ಮಾತು. ತುಂಬಾ ಹೆದರಿದವರಿಗೆ ಎದೆಬಡಿತ ಜೋರಾದರೆ ಹಳೆಯ ಭಯ ಮರುಕಳಿಸಬಹುದು. ಅಂಥವರನ್ನು ಒತ್ತಾಯಿಸಬೇಡಿ. ಜೊತೆಗೆ ನಾಲ್ಕು ಹೆಜ್ಜೆ ನಡೆಯಿರಿ.

ಹೊರಗೆ ಹೋಗುವುದಾದರೆ

ಸ್ಥಳೀಯ ಆಡಳಿತ ಹೊರಗೆ ಹೋಗಬಹುದು ಎಂದಿದ್ದರೆ ಮಾತ್ರ ಹೋಗಿ. ಆಶ್ರಯತಾಣದ ಸುತ್ತಲೇ ಸುತ್ತಿ, ದೂರ ಬೇಡ. ಕಿವಿಗೆ ಇಯರ್‌ಫೋನ್ ಹಾಕಬೇಡಿ, ಸೈರನ್ ಕೇಳಿಸಬೇಕು. ಜನ ಓಡಾಡುವ ಡಾಂಬರು ಅಥವಾ ಕಾಂಕ್ರೀಟ್ ದಾರಿ ಬಿಟ್ಟು ಹುಲ್ಲಿಗೆ, ಪಾಳು ಕಟ್ಟಡಕ್ಕೆ ಕಾಲಿಡಬೇಡಿ. ಸಿಡಿಯದ ಗುಂಡು, ನೆಲಬಾಂಬ್ ಅಲ್ಲೇ ಅಡಗಿರುತ್ತವೆ. ಗೊತ್ತಿಲ್ಲದ ವಸ್ತು ಕಂಡರೆ ಮುಟ್ಟದೆ, ಬಂದ ದಾರಿಯಲ್ಲೇ ಹಿಂದಿರುಗಿ ಸಂಬಂಧಪಟ್ಟವರಿಗೆ ತಿಳಿಸಿ.

ಓಟ ದಾಖಲಿಸುವ ಆ್ಯಪ್ ಇದ್ದರೆ ಆಫ್ ಮಾಡಿ. ಅಂಥದೇ ಸ್ಟ್ರಾವಾ ಆ್ಯಪ್‌ನ ನಕ್ಷೆಯಲ್ಲಿ ಸೈನಿಕರು ಓಡಿದ ಜಾಡು ಕಂಡು ಸೇನಾ ನೆಲೆಗಳ ಜಾಗ ಬಯಲಾಗಿದ್ದು 2018ರ ಜನವರಿಯಲ್ಲಿ ಜಗತ್ತಿಗೇ ಗೊತ್ತಾಯಿತು. ನೀವು ದಿನಾ ಎಲ್ಲಿ, ಎಷ್ಟು ಹೊತ್ತಿಗೆ ಗುಂಪಾಗಿ ಸೇರುತ್ತೀರಿ ಎಂಬುದೂ ಹಾಗೇ ಬಯಲಾಗಬಹುದು. ವ್ಯಾಯಾಮದ ಫೋಟೊವನ್ನೂ ಹಾಕಬೇಡಿ, ಸಮಯವನ್ನು ನೆರೆಯವರಿಗೆ ಬಾಯಲ್ಲೇ ಹೇಳಿ.